ಚರಗದ ಕೂಗಿಗೆ ಬಂದ ಉತ್ತರದ ಕುರಿತು

ಓದುಗ ಮಹನೀಯರ ಅವಗಾಹನೆಗೆ ಮೊದಲೇ ತರಬಯಸುವುದೇನೆಂದರೆ, ಈ ಬರಹದಲ್ಲಿ ನಿವೇದಿಸಲಿರುವ ಸಂಗತಿಯನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ದೆವ್ವ, ಅಶರೀರವಾಣಿ, ಕನಸಿನಲ್ಲಿ ಬಂದು ಮಾತನಾಡುವ ಹಿರಿಯರು ಮುಂತಾದ ವಿಷಯಗಳು ಪ್ರಸ್ತಾಪವಾದಾಗ ಎದ್ದು ಹೋಗಿ ನೀರು ಕುಡಿದು ಬರುವ ಸ್ವಭಾವದವನು ನಾನು. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಬಹಳ ವರ್ಷಗಳಿಂದ ಸೇವೆಯಲ್ಲಿದ್ದೇನೆ. ಆಧಾರವಿಲ್ಲದ ಹೇಳಿಕೆಗಳನ್ನು ಮರುಪರಿಶೀಲನೆಗಾಗಿ ಹಿಂದಿರುಗಿಸುವುದು ಅಲ್ಲಿ ನನ್ನ ದಿನನಿತ್ಯದ ಕರ್ತವ್ಯ. ಈಗ ಅಂಥದೇ ಒಂದು ಹೇಳಿಕೆಯನ್ನು ನಾನೇ ತಮ್ಮ ಮುಂದೆ ಸಾದರಪಡಿಸುತ್ತಿದ್ದೇನೆ.

ಕನ್ನಡದಲ್ಲಿ ನಾನು ಇಲ್ಲಿಯವರೆಗೆ ಬರೆದಿರುವುದು ಅರ್ಜಿಗಳು ಹಾಗೂ ನಮ್ಮ ಭಾಗದ ಕನ್ನಡ ಬಳಗದ ಸುತ್ತೋಲೆಗಳು ಮಾತ್ರ. ಆದಕಾರಣ ಭಾಷೆಯಲ್ಲಿ ಬಿಗುವು ಕಂಡುಬಂದಲ್ಲಿ ಮನ್ನಿಸಬೇಕಾಗಿ ವಿನಂತಿ. ಬಿಗುವಾಗಿ ಬರೆದರೆ ಉತ್ಪ್ರೇಕ್ಷೆ ನುಸುಳಲಾರದು ಎಂಬ ಧೈರ್ಯವೂ ನನಗಿದೆ.

ಇದು ಕೆಲವು ವರ್ಷಗಳ ಹಿಂದಿನ ಸಂಗತಿ. ನಾವು ಮೂಲತಃ ವಿಜಯಪುರ ಜಿಲ್ಲೆಯವರು. ಈಗ ದಿಲ್ಲಿಯ ಮಯೂರ್ ವಿಹಾರದ ಒಂದು ಸಹಕಾರಿ ವಸತಿ ಸಮುಚ್ಚಯದ ಮೂರನೆಯ ಮಹಡಿಯಲ್ಲಿ ವಾಸವಾಗಿದ್ದೇವೆ. ನನ್ನ ಪತ್ನಿ ಸುಮಂಗಲಾ ಸಮೀಪದ ಶಾಲೆಯೊಂದರಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಾಳೆ. ಆ ವರ್ಷ ಮಳೆಗಾಲದಲ್ಲಿ ಅವಳಿಗೆ ಥೈರಾಯ್ಡ್ ಗ್ರಂಥಿಯ ಶಸ್ತ್ರಚಿಕಿತ್ಸೆಯಾಯಿತು. ಗಂಟು ದನಿಯ ನರಕ್ಕೆ ಅಂಟಿಕೊಂಡಿದೆ, ಬಿಡಿಸುವಾಗ ದನಿಗೆ ತೊಂದರೆಯಾಗಬಹುದು ಎಂದು ವೈದ್ಯರು ಮೊದಲೇ ತಿಳಿಸಿದ್ದರು. ಹಾಗೆಯೇ ಆಯಿತು. ಇದರಲ್ಲಿ ಯಾರ ತಪ್ಪೂ ಇಲ್ಲವೆಂಬುದನ್ನು ಇಲ್ಲಿ ಸ್ಪಷ್ಟಪಡಿಸುತ್ತೇನೆ. ಗಂಟು ಹೋಯಿತು, ಜೀವ ಉಳಿಯಿತು, ದನಿ ಹೋಯಿತು. ಬಾಯಿ ತೆರೆದರೆ ಉಸಿರು ಮಾತ್ರ ಹೊರಬರುತ್ತಿತ್ತು. ಕಿವಿಯನ್ನು ಹತ್ತಿರ ತಂದರೆ ಆ ಉಸಿರಿನಲ್ಲಿ ಮಾತು ಇದೆಯೆಂದು ತಿಳಿಯುತ್ತಿತ್ತು. ದನಿ ತಾನಾಗಿಯೇ ಮರಳಬಹುದು, ಮರಳದೆಯೂ ಇರಬಹುದು, ವ್ಯಾಯಾಮವನ್ನು ಬಿಡಬೇಡಿ ಎಂಬುದು ವೈದ್ಯರ ಸೂಚನೆ.

ದನಿ ಎಂದರೇನು ಎಂಬುದು ಅದು ಹೋದ ಮೇಲೆ ನಮ್ಮ ಮನೆಗೆ ತಿಳಿಯಿತು. ಅಡುಗೆಮನೆಯಿಂದ ನಮ್ಮನ್ನು ಕರೆಯಬೇಕಾದರೆ ಅವಳು ಸ್ಟೀಲಿನ ಲೋಟವನ್ನು ಕಟ್ಟೆಯ ಮೇಲೆ ಬಡಿಯುತ್ತಿದ್ದಳು. ಮೂರನೆಯ ಮಹಡಿಯ ಬಾಲ್ಕನಿಯಿಂದಲೇ ತರಕಾರಿ ಗಾಡಿಯವನೊಂದಿಗೆ ಚೌಕಾಸಿ ನಡೆಸುತ್ತಿದ್ದವಳು ಈಗ ಕೆಳಗಿಳಿದು ಹೋಗಿ, ಬೆರಳಿನಿಂದ ತೋರಿಸಿ, ಅವನು ಹೇಳಿದ್ದನ್ನು ಕೊಟ್ಟು ಬರುತ್ತಿದ್ದಳು. ಗಾಡಿಯ ಭಯ್ಯಾ ಒಂದು ದಿನ ನನ್ನನ್ನು ತಡೆದು, "ಆಂಟೀಜೀ ಹಮ್‌ಸೇ ನಾರಾಜ್ ಹೈಂ ಕ್ಯಾ?" ಎಂದು ಕೇಳಿದ. ನಮ್ಮ ಮೇಲೆ ಸಿಟ್ಟೇ ಎಂದು ಅವನ ಪ್ರಶ್ನೆ. ಎರಡು ಕಟ್ಟು ಮೆಂತ್ಯ ಹೆಚ್ಚಿಗೆ ಕೊಂಡು ಬಂದೆ.

ಶಾಲೆಯವರು ಸಜ್ಜನರು. ಹೊಸ ವರ್ಷದ ಹೊತ್ತಿಗೆ ನಿಮ್ಮ ನಿರ್ಧಾರ ತಿಳಿಸಿ, ತರಗತಿ ಸಾಧ್ಯವಾಗದಿದ್ದಲ್ಲಿ ಗ್ರಂಥಾಲಯದ ಕೆಲಸಕ್ಕೆ ವ್ಯವಸ್ಥೆ ಮಾಡೋಣ ಎಂದಿದ್ದರು. ಒಳ್ಳೆಯ ಮನಸ್ಸಿನಿಂದ ಹೇಳಿದ ಆ ಮಾತು ಅವಳನ್ನು ಬಹಳ ಕುಗ್ಗಿಸಿತು. ಒಂದು ಲೋಟ ನೀರಿಗೆ ಕೊಳವೆ ಅದ್ದಿ, ಗಂಟಲಿನಿಂದ ಸದ್ದು ಹೊರಡಿಸುತ್ತ ಗುಳ್ಳೆ ಊದುವ ವ್ಯಾಯಾಮವನ್ನು ಅವಳಿಗೆ ಕಲಿಸಿದ್ದರು. ದೀಪಾವಳಿಯವರೆಗೆ ಮಾಡಿದಳು. ಆಮೇಲೆ ಒಂದು ಬೆಳಿಗ್ಗೆ ಲೋಟವನ್ನು ತೊಳೆದು ಮಗುಚಿ ಇಟ್ಟು, ನನ್ನ ಕಿವಿಯ ಬಳಿ ಬಂದು, "ಇನ್ನ ಸಾಕ್ರಿ" ಎಂದಳು. ಒತ್ತಾಯಿಸುವ ಧೈರ್ಯ ನನಗಾಗಲಿಲ್ಲ.

ಇನ್ನು ಚರಗದ ವಿಷಯ. ನಮ್ಮ ಕಡೆ ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ತಂದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಭೂಮಿಗೆ ಚೆಲ್ಲುತ್ತಾರೆ. ಫಸಲು ಹೊತ್ತ ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕೆಂಬ ಭಾವನೆ. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಚೆಲ್ಲುವವನು "ಹುಲ್ಲುಲ್ಲಿಗೋ" ಎಂದು ಕೂಗಬೇಕು. ಹಿಂದೆ ನೀರು ಚಿಮುಕಿಸುತ್ತ ಬರುವವರು "ಚಲಾಂಬ್ರಿಗೋ" ಎಂದು ಉತ್ತರ ಕೊಡಬೇಕು. ಊರಿಂದ ಊರಿಗೆ ಈ ಕೂಗು ಬದಲಾಗುತ್ತದೆ. ಅರ್ಥವನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ, ಆದುದರಿಂದ ಆ ಬಗ್ಗೆ ನಾನು ಏನನ್ನೂ ಹೇಳಬಯಸುವುದಿಲ್ಲ. ಕೂಗಿದರೆ ಉತ್ತರ ಬರಬೇಕು ಎಂಬುದಷ್ಟೇ ಮುಖ್ಯ.

ದಿಲ್ಲಿಯಲ್ಲಿ ನಮಗೆ ಹೊಲವೆಲ್ಲಿ? ಪ್ರತಿ ವರ್ಷ ನಮ್ಮ ಸಮುಚ್ಚಯದ ಹುಲ್ಲುಹಾಸಿನಲ್ಲಿಯೇ ಚರಗ ಚೆಲ್ಲುತ್ತಿದ್ದೆವು. ನಾನು ಸಂಕೋಚದಿಂದ ಮೆಲ್ಲಗೆ ಕೂಗುತ್ತಿದ್ದೆ. ಸುಮಂಗಲಾ ಮಾತ್ರ ತಂದೆಯ ಹೊಲದಲ್ಲಿ ನಿಂತವಳಂತೆ, ಕೊನೆಯ "ಗೋ" ಅನ್ನು ಮೇಲಕ್ಕೆಳೆದು, ಎಳೆದಲ್ಲಿಯೇ ಒಂದು ಸಣ್ಣ ತಿರುವು ಕೊಟ್ಟು ನಿಲ್ಲಿಸುತ್ತಿದ್ದಳು. ನಾಲ್ಕೈದು ಕಿಟಕಿಗಳು ತೆರೆಯುತ್ತಿದ್ದವು. ಪಾರಿವಾಳ ಬರುತ್ತವೆಂದು ಕೆಳಮಹಡಿಯ ಹಿರಿಯರು ಆಕ್ಷೇಪಣೆ ಸಲ್ಲಿಸುತ್ತಿದ್ದರು. ಅವಳು ಅವರಿಗೆ ಶೇಂಗಾ ಹೋಳಿಗೆ ಕೊಟ್ಟು ಆಕ್ಷೇಪಣೆಯನ್ನು ವಿಲೇವಾರಿ ಮಾಡುತ್ತಿದ್ದಳು.

ಆ ವರ್ಷ ಹಬ್ಬ ಮಾಡುವ ಉತ್ಸಾಹ ಅವಳಲ್ಲಿರಲಿಲ್ಲ. ನಮ್ಮ ಮಗಳು ಪಲ್ಲವಿ ಆಗ ಕಾಲೇಜಿಗೆ ಹೊಸದಾಗಿ ಸೇರಿದ್ದಳು. ದಿಲ್ಲಿಯಲ್ಲಿಯೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತನಾಡುವಾಗ ಅರ್ಧ ದಾರಿಯಲ್ಲಿ ಹಿಂದಿಗೆ ಇಳಿದುಬಿಡುತ್ತಾಳೆ. ಫರೀದಾಬಾದಿನ ಕಡೆ ಅರಾವಳಿಯಲ್ಲಿ ಸಂರಕ್ಷಿತ ಬಯಲುಗುಡ್ಡವೊಂದಿದೆ, ಕಾಲೇಜಿನ ಗೆಳತಿಯರೊಂದಿಗೆ ಹತ್ತಿದ್ದೇನೆ, ಈ ಸಲ ಅಲ್ಲಿಯೇ ಹೋಗಿ ಚೆಲ್ಲೋಣ ಎಂದು ಸೂಚಿಸಿದವಳು ಅವಳೇ. "ಮಮ್ಮೀ, ಚಲೋ ನಾ. ಅಲ್ಲಿ ಯಾರೂ ಕಂಪ್ಲೇಂಟ್ ಮಾಡಲ್ಲ, ಪ್ರಾಮಿಸ್" ಎಂದು ತಾಯಿಯ ಕೊರಳಿಗೆ ಜೋತುಬಿದ್ದಳು. ಸುಮಂಗಲಾ ತಲೆಯಾಡಿಸಿದಳು.

ದಿನವನ್ನು ಗೊತ್ತುಪಡಿಸುವ ಹೊಣೆ ನನ್ನ ಮೇಲೆ ಬಿತ್ತು. ಹಿಂದಿನ ವರ್ಷಗಳಲ್ಲಿ ಊರಿನಿಂದ ನನ್ನ ಅಕ್ಕ ಫೋನು ಮಾಡಿ ಸುಮಂಗಲಾಳಿಗೆ ತಿಳಿಸುತ್ತಿದ್ದಳು. ಇವಳ ದನಿ ಹೋದ ಮೇಲೆ ಆ ಫೋನುಗಳು ತಾವಾಗಿ ನಿಂತಿದ್ದವು. ಅಡುಗೆಮನೆಯ ಗೋಡೆಯ ಮೇಲಿದ್ದ ಹಿಂದಿ ಪಂಚಾಂಗದಲ್ಲಿ ಮಾರ್ಗಶೀರ್ಷ ಅಮಾವಾಸ್ಯೆ ಎಂದು ಸ್ಪಷ್ಟವಾಗಿ ಮುದ್ರಿತವಾಗಿತ್ತು. ಎಳ್ಳ ಅಮಾವಾಸ್ಯೆ ಮಾರ್ಗಶೀರ್ಷದ್ದೇ ಎಂಬುದು ನನಗೆ ಗೊತ್ತಿತ್ತು. ರಜೆಗೆ ಅರ್ಜಿ ಸಲ್ಲಿಸಿದೆ. "ಈ ಸರ್ತಿ ಭಾಳ ಲಗೂನ ಬಂತಲ್ರಿ" ಎಂದು ಅವಳು ಉಸಿರಿನಲ್ಲಿ ಶಂಕೆ ವ್ಯಕ್ತಪಡಿಸಿದಳು. ಅಚ್ಚಾಗಿದೆಯಲ್ಲ ಎಂದು ಪಂಚಾಂಗ ತೋರಿಸಿದೆ.

ಆ ವಾರ ಜೋರಾಗಿ ಗಾಳಿ ಬೀಸಿ ದಿಲ್ಲಿಯ ಹೊಗೆ ತೊಳೆದುಹೋಗಿತ್ತು. ಇಲ್ಲದಿದ್ದರೆ ಅವಳನ್ನು ಹೊರಗೆ ಕರೆದೊಯ್ಯುವ ಧೈರ್ಯ ನಾನು ಮಾಡುತ್ತಿರಲಿಲ್ಲ. ಇಲ್ಲಿ ಬಾಜ್ರಾ ಎಂದು ಮಾರುವ ಸಜ್ಜೆಯ ಹಿಟ್ಟಿನಿಂದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹೋಳಿಗೆ ಎಲ್ಲವನ್ನೂ ಅವಳು ನಸುಕಿನಲ್ಲಿಯೇ ಎದ್ದು ಮಾಡಿದ್ದಳು. ಟ್ಯಾಕ್ಸಿಯಲ್ಲಿ ಹೊರಟು ಬಿಸಿಲೇರುವ ಹೊತ್ತಿಗೆ ಗುಡ್ಡದ ಬುಡವನ್ನು ತಲುಪಿದೆವು.

ಗೇಟಿನಲ್ಲಿದ್ದ ಕಾವಲುಗಾರ ನಮ್ಮ ಬುತ್ತಿಯ ಚೀಲವನ್ನು ನೋಡಿ, "ಬಂದರೋಂ ಕೋ ಖಾನಾ ಮತ್ ದೇನಾ, ಸರ್" ಎಂದು ಎಚ್ಚರಿಸಿದ. ಮಂಗಗಳಿಗೆ ಆಹಾರ ಹಾಕುವಂತಿಲ್ಲ. ನಿಯಮವನ್ನು ಮುಚ್ಚಿಡುವುದು ನನಗೆ ಸರಿಕಾಣಲಿಲ್ಲ. ಮಂಗಕ್ಕಲ್ಲ, ಭೂಮಿತಾಯಿಗೆ ಎಂದು ನನಗೆ ಬಂದ ಹಿಂದಿಯಲ್ಲಿ ವಿವರಿಸಿದೆ. ಅವನು ಮೀಸೆಯ ಮೇಲೆ ಕೈಯಾಡಿಸುತ್ತ ಸ್ವಲ್ಪ ಯೋಚಿಸಿ, "ಅಚ್ಛಾ. ತೋ ಧರತೀ ಮಾತಾ ಕೋ ಭೀ ಥೋಡಾ ಸಾ ಹೀ ದೇನಾ" ಎಂದ. ಭೂಮಿತಾಯಿಗಾದರೂ ಸ್ವಲ್ಪವೇ ಕೊಡಿ ಎಂದರ್ಥ. ಸುಮಂಗಲಾಳ ಭುಜಗಳು ಕುಲುಕಿದವು. ಅವಳು ನಗುತ್ತಿದ್ದಾಳೆಂದು ಆಗ ಹಾಗೆಯೇ ತಿಳಿಯಬೇಕಾಗಿತ್ತು.

ದಾರಿ ಕಷ್ಟದ್ದಲ್ಲ. ಕೆಂಪು ಮಣ್ಣು, ಬಿಸಿಲಿಗೆ ಹೊಳೆಯುವ ಗಟ್ಟಿ ಕಲ್ಲು, ಎರಡೂ ಕಡೆ ನಮ್ಮೂರಿನದೇ ಬಳ್ಳಾರಿ ಜಾಲಿ. ಇಲ್ಲಿ ಇದಕ್ಕೆ ವಿಲಾಯತಿ ಕೀಕರ್ ಎನ್ನುತ್ತಾರೆ. ಅವಳು ಒಂದು ಮುಳ್ಳನ್ನು ಮುಟ್ಟಿ ನನ್ನತ್ತ ನೋಡಿ ಹುಬ್ಬೇರಿಸಿದಳು. ಇದೂ ವರ್ಗವಾಗಿ ಬಂದಿದೆ ನೋಡಿ ಎಂಬಂತೆ. ನವಿಲುಗಳು ಪೊದೆಯಿಂದ ಪೊದೆಗೆ ಓಡುತ್ತಿದ್ದವು. ನಾನು ಪದೇ ಪದೇ ನಿಂತು ಉಸಿರು ಸುಧಾರಿಸಿಕೊಳ್ಳುತ್ತಿದ್ದೆ. ಅವಳು ನಿಲ್ಲದೆ ಏರುತ್ತಿದ್ದಳು. "ಪಪ್ಪಾ, ಪೇಷಂಟ್ ಯಾರು? ನೀವಾ, ಮಮ್ಮೀನಾ?" ಎಂದು ಪಲ್ಲವಿ ಮೇಲಿನಿಂದ ಛೇಡಿಸಿದಳು.

ನೆತ್ತಿಯಲ್ಲಿ ಯಾರೋ ಪೇರಿಸಿಟ್ಟ ಕಲ್ಲುಗುಪ್ಪೆ ಇತ್ತು. ಒಂದು ಕಡೆ ದೂರದಲ್ಲಿ ಗುರುಗ್ರಾಮದ ಗೋಪುರಗಳು. ಇನ್ನೊಂದು ಕಡೆ, ನಮ್ಮ ಕಾಲಬುಡದಿಂದ ಸ್ವಲ್ಪ ಮುಂದೆಯೇ, ಹಿಂದೆಂದೋ ಕಲ್ಲು ತೆಗೆದು ಬಿಟ್ಟುಹೋದ ದೊಡ್ಡ ಗಣಿಹೊಂಡ. ಅದರಲ್ಲಿ ಹಸಿರು ನೀರು ನಿಂತಿತ್ತು. ಹೊಂಡದ ಆಚೆ ಗೋಡೆಯಂತೆ ನೇರವಾಗಿ ಕಡಿದ ಬಂಡೆ. ಅದರ ಮೇಲೆ ಪೊದೆಗಳಿಂದ ತುಂಬಿದ ಇನ್ನೊಂದು ಗುಡ್ಡ. ನಮಗಿಂತ ಮೊದಲು ಬಂದಿದ್ದ ಕೆಲವು ಯುವಕರು ಚಿತ್ರ ತೆಗೆದುಕೊಂಡು ಇಳಿದುಹೋದರು. ಆಮೇಲೆ ಅಲ್ಲಿ ನಾವು ಮೂವರೇ.

ಪಲ್ಲವಿ ಕಲ್ಲುಗಳನ್ನು ಆರಿಸಿ ತಂದಳು. ಸುಮಂಗಲಾ ಅವುಗಳಿಗೆ ಸುಣ್ಣ, ಕುಂಕುಮ ಹಚ್ಚಿ ಪೂಜೆ ಮಾಡಿ, ತಟ್ಟೆಯಲ್ಲಿ ರೊಟ್ಟಿ ಪಲ್ಯಗಳನ್ನು ಮುರಿದು ಕಲಸಿದಳು. ನೀರಿನ ತಂಬಿಗೆಯನ್ನು ಪಲ್ಲವಿಯ ಕೈಗೆ ಕೊಟ್ಟು, ಅವಳ ಬೆನ್ನ ಮೇಲೆ ಮೆಲ್ಲಗೆ ತಟ್ಟಿದಳು. ಈ ಸಲ ಉತ್ತರ ಕೊಡುವವಳು ನೀನು ಎಂದು ಹೇಳುವುದಕ್ಕೆ ಬೇರೇನೂ ಬೇಕಿರಲಿಲ್ಲ. ಮಗಳ ಮುಖ ಸಣ್ಣದಾಯಿತು. ಅವಳಿಗೆ ನಾಚಿಕೆಯಷ್ಟೇ ಅಲ್ಲ, ತಾಯಿಯ ಜಾಗದಲ್ಲಿ ನಿಲ್ಲುವುದು ಬೇಡವಾಗಿತ್ತೆಂದು ನನಗೆ ತೋರಿತು.

ನಾನು ಹೊಂಡದ ಕಡೆಗೆ ತಿರುಗಿ, ಒಂದು ಮುಷ್ಟಿ ಚರಗವನ್ನು ಚೆಲ್ಲಿ, ಇದ್ದ ಶಕ್ತಿಯನ್ನೆಲ್ಲ ಒಗ್ಗೂಡಿಸಿ "ಹುಲ್ಲುಲ್ಲಿಗೋ" ಎಂದು ಕೂಗಿದೆ. ಎದುರಿನ ಬಂಡೆ ಅದನ್ನು ಹಾಗೆಯೇ ಮರಳಿಸಿತು: "ಲ್ಲಿಗೋ, ಗೋ". ಅದು ನನ್ನದೇ ದನಿ, ಗೊಗ್ಗರು ಗಂಡುದನಿ. ಪ್ರತಿಧ್ವನಿ ಅಲ್ಲಿಗೆ ಮುಗಿಯಿತು. ಪಲ್ಲವಿ ನನ್ನ ಪಕ್ಕದಲ್ಲಿ ತುಟಿ ಕಚ್ಚಿಕೊಂಡು ನಿಂತಿದ್ದಳು. ಉತ್ತರ ಕೊಡಲು ಅವಳು ಬಾಯಿ ತೆರೆದಿರಲಿಲ್ಲ. ಗಾಳಿಯೂ ಇರಲಿಲ್ಲ.

ಆಗ ಹೊಂಡದ ಆಚೆಯಿಂದ ಉತ್ತರ ಬಂತು.

"ಚಲಾಂಬ್ರಿಗೋ..."

ಹೆಣ್ಣುದನಿ. ತುಂಬಿದ ದನಿ. ಕೊನೆಯ "ಗೋ" ಮೇಲಕ್ಕೆ ಹೋಗಿ, ಅಲ್ಲಿ ಒಂದು ಸಣ್ಣ ತಿರುವು ತೆಗೆದುಕೊಂಡು ನಿಂತಿತು.

ನಾನು ತಕ್ಷಣ ಹಿಂತಿರುಗಿ ಸುಮಂಗಲಾಳನ್ನು ನೋಡಿದೆ. ಈ ಅಂಶವನ್ನು ವಿಶೇಷವಾಗಿ ದೃಢೀಕರಿಸಬಯಸುತ್ತೇನೆ. ಅವಳು ನಮ್ಮಿಬ್ಬರ ಹಿಂದೆ, ಕಲ್ಲುಗಳ ಮುಂದೆ ಕುಳಿತಿದ್ದಳು. ತಟ್ಟೆ ತೊಡೆಯ ಮೇಲಿತ್ತು, ಬಾಯಿ ಮುಚ್ಚಿತ್ತು, ಕಣ್ಣು ಎದುರು ಗುಡ್ಡದ ಮೇಲಿತ್ತು. ದನಿ ಬಂದದ್ದು ನಮ್ಮ ಹಿಂದಿನಿಂದಲ್ಲ, ಮುಂದಿನಿಂದ.

"ಪಪ್ಪಾ," ಎಂದಳು ಪಲ್ಲವಿ, ನನ್ನ ತೋಳನ್ನು ಹಿಡಿದು. "ಯಾರೋ ಜವಾಬ್ ಕೊಟ್ಟರು ನಾ? ನಿಮಗೂ ಕೇಳಿಸ್ತು ನಾ?"

ಕೇಳಿಸಿತ್ತು. ಇನ್ನೊಮ್ಮೆ ಕೂಗಿದೆ; ನನ್ನ ದನಿ ನಡುಗಿತು. ಬಂಡೆ ನನ್ನ ನಡುಕವನ್ನೇ ಹಿಂದಿರುಗಿಸಿತು, ಬೇರೇನೂ ಬರಲಿಲ್ಲ. ಸುಮಂಗಲಾ ಎದ್ದು ಬಂದು ನನ್ನ ಕಿವಿಗೆ ಬಾಯಿ ತಂದು, "ಅದು ನಂದ ದನಿ ಐತ್ರಿ" ಎಂದಳು. ಅದು ಅವಳದೇ ಎಂದು ನನಗೂ ಅನ್ನಿಸಿತ್ತು, ಮತ್ತು ಹಾಗೆ ಅನ್ನಿಸಿದ್ದಕ್ಕೆ ನನಗೆ ಭಯವಾಗಿತ್ತು.

ಹೆದರಿ ಇಳಿದುಹೋಗುವ ಬದಲು ನಾವು ಹುಡುಕಲು ಹೊರಟೆವು. ಹೊರಡಿಸಿದವಳು ಅವಳೇ. ನಮ್ಮ ಕಡೆಯ ಯಾವುದೋ ಕುಟುಂಬ ಆಚೆ ಗುಡ್ಡದಲ್ಲಿ ಚರಗ ಚೆಲ್ಲುತ್ತಿರಬೇಕು, ಹಾಗಿದ್ದರೆ ಭೇಟಿಯಾಗಿ ಹೋಳಿಗೆ ಹಂಚಿಕೊಳ್ಳೋಣ ಎಂಬುದು ನನ್ನ ಸಮಾಧಾನ. ಹೊಂಡದ ಅಂಚನ್ನು ಬಳಸಿ, ಮುಳ್ಳಿಗೆ ಬಟ್ಟೆ ಸಿಕ್ಕಿಸಿಕೊಳ್ಳುತ್ತ ಆಚೆ ಗುಡ್ಡದ ಬುಡಕ್ಕೆ ಬಂದೆವು. ಅಲ್ಲಿ ಒಬ್ಬ ಮುದುಕಿ ಮೇಕೆಗಳನ್ನು ಬಿಟ್ಟುಕೊಂಡು, ಕಲ್ಲಿನ ಮೇಲೆ ಕುಳಿತು ಬಿಸಿಲು ಕಾಯಿಸುತ್ತಿದ್ದಳು. ಸಮೀಪದ ಹಳ್ಳಿಯವಳು. ಮೇಲೆ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದೆ. ಬೆಳಗಿನಿಂದ ಈ ಕಡೆ ಯಾರೂ ಬಂದಿಲ್ಲ ಎಂದಳು. ಒಬ್ಬ ಹೆಂಗಸು ಕೂಗಿದ್ದು ಕೇಳಿಸಿತೇ ಎಂದು ಪಲ್ಲವಿ ಕೇಳಿದಳು.

"ಕ್ಯೋಂ ನಹೀಂ ಸುನಾ? ಬಹರೀ ಹೂಂ ಕ್ಯಾ?" ಎಂದು ಮುದುಕಿ ಗದರಿದಳು. ನಾನೇನು ಕಿವುಡಿಯೇ ಎಂದು. ಆಮೇಲೆ ಕೋಲೆತ್ತಿ ತೋರಿಸಿದಳು. ಆ ಕೋಲು ಅವಳ ಬೆನ್ನ ಹಿಂದಿನ ಗುಡ್ಡವನ್ನು ತೋರಿಸಲಿಲ್ಲ. ಹೊಂಡದ ಆಚೆ, ನಾವು ಆಗತಾನೆ ಬಿಟ್ಟು ಬಂದ ನೆತ್ತಿಯನ್ನು, ಕಲ್ಲುಗುಪ್ಪೆಯನ್ನು ತೋರಿಸಿತು. "ವಹಾಂ ಸೇ ಆಯೀ ಥೀ ಆವಾಜ್. ಪಹಲೇ ಆದಮೀ ಚಿಲ್ಲಾಯಾ, ಫಿರ್ ಔರತ್." ಅಲ್ಲಿಂದಲೇ ಬಂತು, ಮೊದಲು ಗಂಡಸು ಕೂಗಿದ, ಆಮೇಲೆ ಹೆಂಗಸು.

ಹೀಗೆ ಹೇಳಿ ಅವಳು ಸುಮಂಗಲಾಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಮೆಚ್ಚುಗೆಯಿಂದ, "ತೂ ಹೀ ಥೀ ನಾ? ಗಲಾ ಅಚ್ಛಾ ಹೈ ತೇರಾ" ಎಂದಳು. ನೀನೇ ಅಲ್ಲವೇ, ಒಳ್ಳೆಯ ಕಂಠ ನಿನ್ನದು.

ಸುಮಂಗಲಾ ಅಲ್ಲವೆನ್ನಲು ಬಾಯಿ ತೆರೆದಳು. ಉಸಿರಷ್ಟೇ ಬಂತು. ಮುದುಕಿ ಅದಕ್ಕೆ ಆಶ್ಚರ್ಯಪಡಲಿಲ್ಲ. "ಅಬ್ ಬೈಠ್ ಗಯಾ. ಇತನಾ ಚಿಲ್ಲಾಯೇಗೀ ತೋ ಬೈಠೇಗಾ ಹೀ" ಎಂದಳು. ಅಷ್ಟು ಕೂಗಿದರೆ ಗಂಟಲು ಕೂತೇ ಕೂರುತ್ತದೆ, ಬೆಲ್ಲ ಹಾಕಿದ ಬಿಸಿನೀರು ಕುಡಿ, ಸರಿಹೋಗುತ್ತದೆ ಎಂದು ಸಲಹೆ ನೀಡಿದಳು. ವೈದ್ಯರು, ಶಾಲೆಯವರು, ನೆಂಟರು, ನಾನು, ಎಲ್ಲರೂ ಸುಮಂಗಲಾಳನ್ನು ದನಿ ಕಳೆದುಕೊಂಡವಳೆಂದು ನೋಡುತ್ತಿದ್ದ ಆ ದಿನಗಳಲ್ಲಿ, ಹೆಚ್ಚು ಕೂಗಿ ಗಂಟಲು ಕೆಡಿಸಿಕೊಂಡವಳೆಂದು ಅವಳನ್ನು ನೋಡಿದ ಒಬ್ಬಳೇ ವ್ಯಕ್ತಿ ಆ ಮುದುಕಿ. ಸುಮಂಗಲಾ ಅವಳ ಪಕ್ಕದಲ್ಲಿ ಕುಳಿತು, ಎಲೆಯ ಮೇಲೆ ಹೋಳಿಗೆ, ರೊಟ್ಟಿ ಬಡಿಸಿದಳು. ಎಲ್ಲರೂ ಅಲ್ಲಿಯೇ ಊಟ ಮಾಡಿದೆವು. ಒಂದು ಮೇಕೆ ಪಲ್ಲವಿಯ ದುಪಟ್ಟಾ ತಿನ್ನಲು ಬಂದದ್ದು ಬಿಟ್ಟರೆ ಬೇರೆ ಉಲ್ಲೇಖಾರ್ಹ ಘಟನೆ ನಡೆಯಲಿಲ್ಲ.

ಮನೆಗೆ ಮರಳುವಾಗ ಟ್ಯಾಕ್ಸಿಯಲ್ಲಿ ನಾನು ಅಕ್ಕನಿಗೆ ಫೋನು ಮಾಡಿ, ಎಳ್ಳ ಅಮಾವಾಸ್ಯೆ ಚೆನ್ನಾಗಿ ನೆರವೇರಿತೆಂದು ತಿಳಿಸಿದೆ. ಅವಳು ನಗತೊಡಗಿದಳು. "ಏ ತಮ್ಮಾ, ಎಳ್ಳ ಅಮಾಸಿ ಮುಂದಿನ ತಿಂಗಳ ಐತೋ! ಹೊಲದಾಗ ಜ್ವಾಳ ಇನ್ನ ಮಣಕಾಲಿಗೂ ಬಂದಿಲ್ಲ. ದಿಲ್ಲಿ ನೀರು ಕುಡದು ಅಮಾಸಿನೂ ಮರತೇನು?"

ತಪ್ಪು ಎಲ್ಲಿ ಸಂಭವಿಸಿತೆಂದು ಮನೆಗೆ ಬಂದು ಪರಿಶೀಲಿಸಲಾಗಿ ತಿಳಿದುಬಂದದ್ದು ಇಷ್ಟು. ನಮ್ಮಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ. ಉತ್ತರದವರ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ. ಆದಕಾರಣ ಅವರ ಮಾರ್ಗಶೀರ್ಷ ಅಮಾವಾಸ್ಯೆ ನಮ್ಮದಕ್ಕಿಂತ ಒಂದು ತಿಂಗಳು ಮೊದಲೇ ಬಂದುಹೋಗುತ್ತದೆ. ಇಷ್ಟು ವರ್ಷ ದಿಲ್ಲಿಯಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ. ಸುಮಂಗಲಾ ಪಂಚಾಂಗದ ಮುಂದೆ ನಿಂತು, ಅಚ್ಚಾದ ಅಕ್ಷರದ ಮೇಲೆ ಬೆರಳಿಟ್ಟು ನನ್ನತ್ತ ನೋಡಿದ ನೋಟಕ್ಕೆ ದನಿಯ ಅವಶ್ಯಕತೆ ಇರಲಿಲ್ಲ.

ಆದರೆ ಆ ರಾತ್ರಿ ನನಗೆ ನಿದ್ರೆ ಬಾರದಿದ್ದುದು ತಪ್ಪಿನ ಮುಜುಗರದಿಂದಲ್ಲ. ನಮ್ಮ ಕಡೆಯ ಇನ್ನೊಂದು ಕುಟುಂಬ ಆಚೆ ಗುಡ್ಡದಲ್ಲಿತ್ತು ಎಂಬ ನನ್ನ ಏಕೈಕ ವಿವರಣೆ ಇದರಿಂದ ಬಿದ್ದುಹೋಯಿತು. ಆ ದಿನ ವಿಜಯಪುರದಲ್ಲಾಗಲಿ ದಿಲ್ಲಿಯಲ್ಲಾಗಲಿ ಚರಗ ಚೆಲ್ಲುವವರು ಯಾರೂ ಇರಲು ಕಾರಣವಿಲ್ಲ. ನನ್ನಂತೆಯೇ ಇನ್ನೊಬ್ಬರು ಅದೇ ತಪ್ಪು ಮಾಡಿ, ಅದೇ ಗುಡ್ಡಕ್ಕೆ ಬಂದಿರಬಹುದೆಂಬುದನ್ನು ಪೂರ್ತಿ ತಳ್ಳಿಹಾಕಲಾಗದು. ಕನ್ನಡ ಬಳಗದಲ್ಲಿ ಪರಿಚಿತರನ್ನೆಲ್ಲ ಒಂದಲ್ಲ ಒಂದು ನೆಪದಿಂದ ವಿಚಾರಿಸಿದೆ, ಯಾರೂ ಸಿಗಲಿಲ್ಲ. ಸಿಕ್ಕಿದ್ದರೂ ಮುದುಕಿಯ ಕೋಲು ನಮ್ಮ ನೆತ್ತಿಯನ್ನೇಕೆ ತೋರಿಸಿತು? ಬಂಡೆಯಿಂದ ಬಂಡೆಗೆ ಪುಟಿದ ಸದ್ದು ದಿಕ್ಕು ತಪ್ಪಿಸುತ್ತದೆಂದು ಪಲ್ಲವಿಯ ಕಾಲೇಜಿನ ಅಧ್ಯಾಪಕರೊಬ್ಬರು ಹೇಳಿದರಂತೆ. ಇರಬಹುದು. ಪುಟಿಯಲು ಮೊದಲು ಯಾರಾದರೂ ಕೂಗಿರಬೇಕಲ್ಲ.

ಪಲ್ಲವಿಯ ಫೋನಿನಲ್ಲಿ ತಾಯಿಯ ಹಳೆಯ ದನಿಯ ಒಂದು ಸಂದೇಶ ಉಳಿದಿತ್ತು. ಶಸ್ತ್ರಚಿಕಿತ್ಸೆಯ ನಂತರ ಅದನ್ನು ತೆರೆಯುವ ಧೈರ್ಯ ಅವಳಿಗಾಗಿರಲಿಲ್ಲ. ಗುಡ್ಡದಿಂದ ಮರಳಿದ ಆ ಸಂಜೆಯೇ ಮೂವರೂ ಕುಳಿತು ಕೇಳಿದ್ದೆವು. "ಪಲ್ಲೂ, ಬರೂವಾಗ ಕೊತ್ತಂಬ್ರಿ ತಗೊಂಡ ಬಾರವ್ವಾ, ಒಣಗಿದ್ದು ತರಬ್ಯಾಡ." ಅಷ್ಟೇ. ಕೇಳಿ ಅಳುತ್ತೇವೆಂದು ನಾನು ಅಂಜಿದ್ದೆ. ಸುಮಂಗಲಾ ಅಳಲಿಲ್ಲ. ಎರಡು ಸಲ ಹಾಕಿಸಿಕೊಂಡು ಕೇಳಿ, ತಲೆಯಾಡಿಸಿ, ಇದೇ ಎಂದು ಕೈಯಿಂದ ಗುಡ್ಡದ ದಿಕ್ಕು ತೋರಿಸಿದಳು.

ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಬುಳುಬುಳು ಸದ್ದು ಕೇಳಿ ಎಚ್ಚರವಾಯಿತು. ಅವಳು ನೀರಿನ ಲೋಟಕ್ಕೆ ಕೊಳವೆ ಹಾಕಿಕೊಂಡು ಗುಳ್ಳೆ ಊದುತ್ತಿದ್ದಳು. ನಾನು ಬಾಗಿಲಲ್ಲಿ ನಿಂತದ್ದನ್ನು ಕಂಡೂ ನಿಲ್ಲಿಸಲಿಲ್ಲ. ಆ ದಿನದಿಂದ ಒಂದು ಹೊತ್ತೂ ತಪ್ಪಿಸಲಿಲ್ಲ. ಹೊಸ ವರ್ಷಕ್ಕೆ ಶಾಲೆಯವರು ಕೇಳಿದಾಗ, ತಾನು ತರಗತಿಗೇ ಮರಳುವುದಾಗಿ, ಸ್ವಲ್ಪ ಕಾಲಾವಕಾಶ ನೀಡಬೇಕಾಗಿ ತಾನೇ ಬರೆದು ತಿಳಿಸಿದಳು. ಗಂಟಲಲ್ಲಿ ಆಗ ಇನ್ನೂ ಏನೂ ಇರಲಿಲ್ಲ. ಯಾವ ಭರವಸೆಯ ಮೇಲೆ ಬರೆದೆ ಎಂದು ನಾನು ಕೇಳಿದ್ದಕ್ಕೆ ಅವಳು ಉಸಿರಿನಲ್ಲಿ, "ಎಲ್ಲೋ ಐತಿ ಅಂತ ಗೊತ್ತಾತಲ್ರಿ. ಇದ್ದದ್ದು ಬರತೈತಿ" ಎಂದಳು.

ಹೋಳಿಯ ಆಸುಪಾಸಿನಲ್ಲಿ ಒಂದು ಬೆಳಿಗ್ಗೆ ನಾನು ವೃತ್ತಪತ್ರಿಕೆಯಲ್ಲಿ ಮುಳುಗಿದ್ದೆ. ಬಟ್ಟೆ ಒಣಹಾಕುತ್ತಿದ್ದ ಅವಳು ಬಾಲ್ಕನಿಯಿಂದ, "ಹಾಲು ಉಕ್ಕತೈತ್ರೀ!" ಎಂದು ಕೂಗಿದಳು. ನಾನು ಓಡಿಹೋಗಿ ಗ್ಯಾಸ್ ಆರಿಸಿ, ಅರ್ಧ ಹಾಲು ಚೆಲ್ಲಿದ ಒಲೆಯ ಮುಂದೆ ನಿಂತ ಮೇಲೆಯೇ, ನಾನು ಓಡಿ ಬಂದದ್ದು ಏಕೆಂದು ನನಗೆ ಹೊಳೆದದ್ದು. ತಿರುಗಿ ನೋಡಿದರೆ ಅವಳು ಹಸಿ ಬಟ್ಟೆಯನ್ನು ಎದೆಗೆ ಅವುಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ನರ ಎಚ್ಚೆತ್ತುಕೊಂಡಿದೆ, ಇದು ಆಗುವುದುಂಟು, ವ್ಯಾಯಾಮ ನೆರವಾಗಿದೆ ಎಂದರು ವೈದ್ಯರು. ಅವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಹೊಸ ಶೈಕ್ಷಣಿಕ ವರ್ಷದ ತರಗತಿಗಳಿಗೆ ಅವಳು ಹೋದಳು; ಇಂದಿಗೂ ಹೋಗುತ್ತಿದ್ದಾಳೆ. ಆದರೆ ಮರಳಿ ಬಂದದ್ದು ಹಳೆಯ ದನಿಯಲ್ಲ ಎಂಬುದನ್ನು ಗಮನಕ್ಕೆ ತರಲೇಬೇಕು. ಇದು ಸ್ವಲ್ಪ ತಗ್ಗಿನದು, ಅಂಚಿನಲ್ಲಿ ಒರಟಾದದ್ದು. ಮಕ್ಕಳು ಇದಕ್ಕೆ ಹೆಚ್ಚು ಹೆದರುತ್ತಾರೆಂದು ಅವಳ ಹೆಮ್ಮೆ. ಗುಡ್ಡದಲ್ಲಿ ಕೇಳಿದ್ದು ಈ ದನಿಯಲ್ಲ, ಮೊದಲಿನದು. ಆ ಹೊತ್ತಿಗೆ ಅವಳ ಬಳಿ ಇಲ್ಲದೆ ಹೋಗಿದ್ದ, ಮುಂದೆಯೂ ಬರದೆ ಹೋದ ದನಿ ಆ ದಿನ ಅಲ್ಲಿ ಯಾರದಾಗಿತ್ತು?

ಮುಂದಿನ ವರ್ಷ, ಅಕ್ಕನಿಂದ ದಿನವನ್ನು ಖಚಿತಪಡಿಸಿಕೊಂಡು, ಸರಿಯಾದ ಅಮಾವಾಸ್ಯೆಗೆ ಮತ್ತೆ ಅದೇ ನೆತ್ತಿಗೆ ಹೋದೆವು. ಈ ಸಲ ಎಲ್ಲವನ್ನೂ ಎಚ್ಚರದಿಂದ ಗಮನಿಸಬೇಕು, ಉತ್ತರ ಬಂದರೆ ದಿಕ್ಕನ್ನು ಗುರುತಿಸಬೇಕು, ಧ್ವನಿಮುದ್ರಣ ಮಾಡಿಕೊಳ್ಳಬೇಕು ಎಂದೆಲ್ಲ ನಿಶ್ಚಯ ಮಾಡಿಕೊಂಡಿದ್ದೆ. ಪಲ್ಲವಿಯನ್ನು ಫೋನು ಹಿಡಿದು ಹೊಂಡದ ಅಂಚಿನ ಬಳಿ ನಿಲ್ಲಿಸಿದೆ. ಸುಮಂಗಲಾ ನನ್ನ ಸಿದ್ಧತೆಗಳನ್ನು ನೋಡಿ, "ಏನ್ ಸಾಹೇಬ್ರ, ಇನ್‌ಸ್ಪೆಕ್ಷನ್ ಇಟ್ಟೀರೇನು?" ಎಂದು ಹೊಸ ದನಿಯಲ್ಲಿ ಅಣಕಿಸಿ, ತಂಬಿಗೆ ಹಿಡಿದು ನನ್ನ ಬೆನ್ನ ಹಿಂದೆ ಬಂದು ನಿಂತಳು.

ಚರಗ ಚೆಲ್ಲಿದೆ. "ಹುಲ್ಲುಲ್ಲಿಗೋ" ಎಂದು ಕೂಗಿದೆ. ಪ್ರತಿಧ್ವನಿ ಬರುವ ಮೊದಲೇ, ಉಸಿರು ಹಿಡಿದು ನಾನು ಕಿವಿಗೊಡುವ ಮೊದಲೇ, ನನ್ನ ಕಿವಿಯ ಪಕ್ಕದಲ್ಲಿಯೇ ಅವಳು ಕೂಗಿದಳು. ದನಿ ಮೇಲಕ್ಕೇರುವಾಗ ಒಡೆಯಿತು. ಒಡೆದರೂ ಬಿಡದೆ ಎಳೆದಳು. ಎಳೆದಲ್ಲಿ ಆ ಸಣ್ಣ ತಿರುವನ್ನೂ ಕೊಟ್ಟಳು. ಪೊದೆಗಳಿಂದ ನವಿಲುಗಳು ಎದ್ದವು. ಪಲ್ಲವಿ ಧ್ವನಿಮುದ್ರಣವನ್ನು ಮರೆತು, ಫೋನನ್ನು ಕೆಳಗಿಳಿಸಿ ಚಪ್ಪಾಳೆ ತಟ್ಟುತ್ತಿದ್ದಳು.

ಅದೇ ಕ್ಷಣದಲ್ಲಿ ಹೊಂಡದ ಆಚೆಯಿಂದಲೂ ಯಾರಾದರೂ ಉತ್ತರ ಕೊಟ್ಟರೇ ಎಂಬುದನ್ನು ನಾನು ಹೇಳಲಾರೆ. ಅವಳ ದನಿಯ ಹೊರತು ನನಗೆ ಬೇರೇನೂ ಕೇಳಿಸಲಿಲ್ಲ.